ವೆರಿಟೇಸಿಯಂ ಚಾನೆಲ್: ಮೋಟಾರ್ ಅಂಗಡಿಯವನ ವಿಮರ್ಶೆ

ಮಂಡ್ಯದಲ್ಲಿ ನಮ್ಮದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ಸುಟ್ಟ ಪಂಪ್‌ಸೆಟ್‌ಗಳು ಸಾಲುಗಟ್ಟುತ್ತವೆ. ಕಾಯಿಲ್‌ಗೆ ಬಳಿದ ವಾರ್ನಿಷ್ ಒಣಗುವವರೆಗೆ ಕೈ ಖಾಲಿ. ಆಗ ಮೊಬೈಲಿನಲ್ಲಿ ಓಡುವುದು ಹೆಚ್ಚಾಗಿ ವೆರಿಟೇಸಿಯಂ. ಡೆರೆಕ್ ಮುಲ್ಲರ್ 2011ರಲ್ಲಿ ಶುರು ಮಾಡಿದ ವಿಜ್ಞಾನದ ಯೂಟ್ಯೂಬ್ ಚಾನೆಲ್ ಇದು. ವರ್ಷಗಳಿಂದ ನೋಡುತ್ತಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್.

ನೋಡಿದ ಕೂಡಲೇ ಎಲ್ಲಾ ಅರ್ಥವಾಯ್ತು ಅನ್ನಿಸುವ ವಿಡಿಯೊಗಳ ಮೇಲೆ ನನಗೆ ಗುಮಾನಿ ಜಾಸ್ತಿ. ಮುಲ್ಲರ್ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ್ದೇ ಇದರ ಮೇಲೆ. ಭೌತಶಾಸ್ತ್ರವನ್ನು ನೀಟಾಗಿ ವಿವರಿಸಿದ ವಿಡಿಯೊ ನೋಡಿದ ವಿದ್ಯಾರ್ಥಿಗಳು ಚೆನ್ನಾಗಿದೆ ಅಂದರು, ಆದರೆ ಅಂಕ ಅಷ್ಟೇನೂ ಏರಲಿಲ್ಲ. ಜನರ ತಪ್ಪು ತಿಳಿವಳಿಕೆಯನ್ನೇ ಮೊದಲು ಮುಂದಿಟ್ಟು ಬಿಡಿಸಿ ಹೇಳಿದ್ದನ್ನು ನೋಡಿದವರಿಗೆ ತಲೆ ಗೊಂದಲವಾಯ್ತು, ಕಲಿತವರು ಮಾತ್ರ ಅವರೇ. ಈ ಚಾನೆಲ್ಲಿನ ಒಳ್ಳೆಯ ವಿಡಿಯೊಗಳೆಲ್ಲ ಹೀಗೆ ತಲೆ ಕೆಡಿಸುವಂಥವೇ.

2021ರ ಕರೆಂಟಿನ ವಿಡಿಯೊ ನೋಡಿ. ತಲಾ 3 ಲಕ್ಷ ಕಿಲೋಮೀಟರ್ ಉದ್ದದ ಎರಡು ತಂತಿ, ದೂರ ಹೋಗಿ ತಿರುಗಿ ಬಂದು ಬಲ್ಬಿಗೆ ಸೇರುತ್ತವೆ. ಬ್ಯಾಟರಿಗೂ ಬಲ್ಬಿಗೂ ನಡುವೆ ಇರುವುದು ಒಂದೇ ಮೀಟರ್. ಸ್ವಿಚ್ ಹಾಕಿದರೆ ಬಲ್ಬು ಎಷ್ಟು ಹೊತ್ತಿಗೆ ಹತ್ತುತ್ತದೆ? ನಮ್ಮ ಅಂಗಡಿ ಹುಡುಗ "ಸೆಕೆಂಡ್ ಆಗುತ್ತಣ್ಣ" ಅಂದ. ಮುಲ್ಲರ್ ಪ್ರಕಾರ ಬೆಳಕು ಒಂದು ಮೀಟರ್ ದಾಟುವಷ್ಟರಲ್ಲೇ. ಶಕ್ತಿ ಹರಿಯುವುದು ತಂತಿಯ ಒಳಗಲ್ಲ, ಸುತ್ತಲಿನ ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳಲ್ಲಿ ಅಂತಾರೆ. ಹುಡುಗ ಒಪ್ಪಲಿಲ್ಲ. ಬಿಚ್ಚಿಟ್ಟ ಪಂಪಿನ ರೋಟರ್, ಅಂದರೆ ಒಳಗೆ ತಿರುಗುವ ಭಾಗ, ಕೈಗೆ ಕೊಟ್ಟೆ. ಅದಕ್ಕೆ ಒಂದೇ ಒಂದು ತಂತಿಯ ಕನೆಕ್ಷನ್ ಇಲ್ಲ. ಕಾಯಿಲ್ ಸುತ್ತಿದ ಹೊರಭಾಗ ಸ್ಟೇಟರ್, ಅದಕ್ಕೂ ರೋಟರಿಗೂ ನಡುವೆ ಗ್ಯಾಪ್ ಇದೆ. ಆದರೂ ಬಾವಿಯಿಂದ ನೀರೆತ್ತುತ್ತದೆ, ಅಲ್ವಾ?

ಆ ವಿಡಿಯೊಗೆ ಎಂಜಿನಿಯರುಗಳಿಂದ ಭಾರೀ ತಕರಾರು ಬಂತು. ಮೊದಲು ಬರುವ ಕರೆಂಟು ಸ್ವಲ್ಪವೇ, ಪೂರ್ತಿ ಬರಲು ತಂತಿಯುದ್ದಕ್ಕೂ ಸಮಯ ಬೇಕೇ ಬೇಕು ಅಂದರು. ಮುಲ್ಲರ್ 2022ರಲ್ಲಿ ನಿಜವಾಗಿ ತಂತಿ ಎಳೆಸಿ, ಅಳೆದು ತೋರಿಸಿ ಇನ್ನೊಂದು ವಿಡಿಯೊ ಮಾಡಿದರು. ಎರಡನ್ನೂ ಒಟ್ಟಿಗೆ ನೋಡಬೇಕು. ಮೊದಲನೆಯದನ್ನಷ್ಟೇ ನೋಡಿ ವಾದಕ್ಕೆ ಇಳಿಯಬೇಡಿ. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಬೆಳಕಿಗೆ ಅದು ಅರ್ಧ ಮಿಲಿಸೆಕೆಂಡಿನ ದಾರಿ. ಆ ಲೈನಿನ ಮೇಲೆ ಯಾರಾದರೂ ಕನ್ನಡದಲ್ಲಿ ಇಂಥ ವಿಡಿಯೊ ಮಾಡಬಾರದಾ?

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, ಅರ್ಧ ಗಂಟೆಯ ವಿಡಿಯೊಗಳು ಜಾಸ್ತಿಯಾಗಿವೆ. ಕಣ್ಣು ಕುಕ್ಕುವ ಶೀರ್ಷಿಕೆ ಬೇರೆ. ಜನ ಕ್ಲಿಕ್ ಮಾಡಲೇಬೇಕಲ್ಲ ಅಂತ ಅವರೇ ಅದನ್ನು ಸಮರ್ಥಿಸಿ ವಿಡಿಯೊ ಮಾಡಿದ್ದಾರೆ, ನನಗಂತೂ ಒಪ್ಪಿಗೆಯಾಗಲಿಲ್ಲ. ಚಾಲಕನಿಲ್ಲದ ಕಾರಿನ ವಿಡಿಯೊವನ್ನು ಆ ಕಾರಿನ ಕಂಪನಿಯೇ ಪ್ರಾಯೋಜಿಸಿತ್ತು. ಮುಚ್ಚಿಟ್ಟಿಲ್ಲ, ಸರಿ. ಆದರೂ ಉಪ್ಪು ತಿಂದ ಮೇಲೆ ಆಡುವ ಮಾತೇ ಬೇರೆ. ಇಂಗ್ಲಿಷ್ ವೇಗ ಅನ್ನಿಸಿದರೆ ಸ್ಪೀಡ್ 0.75ಕ್ಕೆ ಇಳಿಸಿ.

ಹೊಸಬರು ಕಪ್ಪು ಚೆಂಡುಗಳ ವಿಡಿಯೊದಿಂದ ಶುರು ಮಾಡಿ. ಲಾಸ್ ಏಂಜಲೀಸ್ ಜಲಾಶಯದ ಮೇಲೆ 9.6 ಕೋಟಿ ಪ್ಲಾಸ್ಟಿಕ್ ಚೆಂಡು ತೇಲಿಬಿಟ್ಟಿದ್ದು ನೀರು ಆವಿಯಾಗದಿರಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೂಲ ಕಾರಣ ಬೇರೆ. ನೀರಿನಲ್ಲಿರುವ ಬ್ರೋಮೈಡ್, ಕ್ಲೋರಿನ್ ಜೊತೆ ಬಿಸಿಲಿಗೆ ಬಿದ್ದರೆ ಬ್ರೋಮೇಟ್ ಆಗುತ್ತದೆ. ಅದು ಕುಡಿಯುವ ನೀರಿಗೆ ಒಳ್ಳೆಯದಲ್ಲ. ನೋಡಿದ ಮೇಲೆ ಕೆಆರ್‌ಎಸ್‌ಗೂ ಹಾಕಿಸೋಣ ಅಂತ ಹೊರಡಬೇಡಿ. ಲಾಸ್ ಏಂಜಲೀಸಿನ ಆ ಜಲಾಶಯದಲ್ಲಿರುವುದು ಆಗಲೇ ಶುದ್ಧೀಕರಿಸಿ ನಲ್ಲಿಗೆ ಬಿಡುವ ನೀರು.