ಕೊರಟಗೆರೆ ತಾಲ್ಲೂಕಿನ ಒಂದು ಉಚಿತ ಕಣ್ಣಿನ ಶಿಬಿರ: ಶಸ್ತ್ರಚಿಕಿತ್ಸೆ ಸೊಗಸು, ಆಮೇಲಿನ ವಿಚಾರಣೆ ಸಾಲದು

ನನ್ನ ಸೋದರತ್ತೆಗೆ 71 ವರ್ಷ. ಕೊರಟಗೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಬ್ಬರೇ ಇದ್ದಾರೆ. ಅಕ್ಕಿ ಆರಿಸುವಾಗ ಕಲ್ಲು ಕಾಣುತ್ತಿಲ್ಲವೆಂದು ಎರಡು ವರ್ಷಗಳ ಹಿಂದೆ ಮೊದಲ ಬಾರಿ ಹೇಳಿದರು. ಹೋದ ಚಳಿಗಾಲದ ಹೊತ್ತಿಗೆ ಬಸ್ಸಿನ ಬೋರ್ಡನ್ನು ಪಕ್ಕದವರಿಂದ ಓದಿಸಿಕೊಳ್ಳುವ ಸ್ಥಿತಿ ಬಂದಿತ್ತು. ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದಿದೆಯೆಂದು ಪತ್ತೆಯಾಯಿತು. ತುಮಕೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಒಂದು ಕಣ್ಣಿಗೆ 22,000 ರೂಪಾಯಿ ಹೇಳಿದಾಗ, ನಾನೇ ಕೊಡುತ್ತೇನೆಂದರೂ ಒಪ್ಪದೆ, ಊರಿನ ಆಶಾ ಕಾರ್ಯಕರ್ತೆ ತಿಳಿಸಿದ ಉಚಿತ ಶಿಬಿರಕ್ಕೇ ಹೋಗುವುದಾಗಿ ಹಟ ಹಿಡಿದರು. ಆ ಶಿಬಿರ ನಡೆಸಿದ್ದು ನಮ್ಮ ಜಿಲ್ಲೆಯ ಒಂದು ಚಿಕ್ಕ ಸೇವಾ ಟ್ರಸ್ಟು. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಲಿರುವ ಕೊರತೆಗಳು ಅದೊಂದರವೇ ಅಲ್ಲ, ಹಾಗೂ ಅದು ಮಾಡಿರುವ ಉಪಕಾರವನ್ನು ನಮ್ಮ ಮನೆಯವರು ಮರೆತಿಲ್ಲ.

ಶಿಬಿರ ಏರ್ಪಾಟಾಗಿದ್ದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ಭಾನುವಾರ. ಕರಪತ್ರದಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ ಎಂದಿದ್ದುದರಿಂದ ಎಂಟೂವರೆಗೇ ನೂರಕ್ಕೂ ಹೆಚ್ಚು ಮಂದಿ ವೃದ್ಧರು ವರಾಂಡದಲ್ಲಿ ಕುಳಿತಿದ್ದರು. ಸಕ್ಕರೆ ಪರೀಕ್ಷೆಗೆಂದು ಅನೇಕರು ತಿಂಡಿಯನ್ನೂ ತಿಂದಿರಲಿಲ್ಲ. ಆದರೆ ಉದ್ಘಾಟನೆಗೆ ಬರಬೇಕಾಗಿದ್ದ ಅತಿಥಿಗಳು ಬಂದದ್ದು ಹನ್ನೊಂದು ಗಂಟೆಗೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸುವುದು, ಹಾರ, ಶಾಲು, ಫಲತಾಂಬೂಲ, ನಾಲ್ಕು ಭಾಷಣ, ಇವೆಲ್ಲ ಮುಗಿಯುವವರೆಗೂ ನೇತ್ರ ಪರೀಕ್ಷಕರು ತಮ್ಮ ಮೇಜುಗಳ ಮುಂದೆ ಸುಮ್ಮನೆ ಕುಳಿತಿದ್ದರು. ದಾನಿಗಳಿಗೆ ಮರ್ಯಾದೆ ಸಲ್ಲಬಾರದೆಂದು ನಾನು ಹೇಳುವುದಿಲ್ಲ, ಆದರೆ ತಪಾಸಣೆಯನ್ನು ಒಂಬತ್ತಕ್ಕೇ ಆರಂಭಿಸಿ ಸಭೆಯನ್ನು ಅದರ ಪಾಡಿಗೆ ಪಕ್ಕದ ಕೊಠಡಿಯಲ್ಲಿ ನಡೆಸಿಕೊಂಡಿದ್ದರೆ ಯಾರಿಗೂ ನಷ್ಟವಾಗುತ್ತಿರಲಿಲ್ಲ. ಅತ್ತೆಯ ಪಕ್ಕದಲ್ಲಿ ಕುಳಿತಿದ್ದ ಮಧುಗಿರಿ ಕಡೆಯ ತೆಲುಗು ಮಾತಿನ ಮುದುಕರೊಬ್ಬರು ತಮ್ಮ ಚೀಲದಿಂದ ರಾಗಿ ರೊಟ್ಟಿ ತೆಗೆದು, ಸಕ್ಕರೆ ಪರೀಕ್ಷೆ ಏನಾದರೂ ಆಗಲಿ ಎಂದು ತಿಂದೇಬಿಟ್ಟರು.

ಒಮ್ಮೆ ಆರಂಭವಾದ ಮೇಲೆ ಕೆಲಸ ಶಿಸ್ತಾಗಿ ಸಾಗಿತು. ಮೊದಲು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಅಕ್ಷರ ಬಾರದವರಿಗೆ ಬೇರೆ ಬೇರೆ ದಿಕ್ಕಿಗೆ ತಿರುಗಿದ ಗುರುತುಗಳ ಹಾಳೆ ಇತ್ತು. ಆನಂತರ ರಕ್ತದೊತ್ತಡ, ಸಕ್ಕರೆ, ಕಣ್ಣಿನೊಳಗಿನ ಒತ್ತಡ; ಪಾಪೆ ಹಿಗ್ಗಿಸುವ ಹನಿ ಹಾಕಿ ಅರ್ಧ ಗಂಟೆ ಕೂರಿಸಿ ಕೊನೆಯ ತಪಾಸಣೆ. ಸಕ್ಕರೆ ಹತೋಟಿಯಲ್ಲಿಲ್ಲದವರನ್ನು ಶಸ್ತ್ರಚಿಕಿತ್ಸೆಗೆ ಆರಿಸದೆ, ಮಾತ್ರೆ ಸರಿಯಾಗಿ ತೆಗೆದುಕೊಂಡು ಮುಂದಿನ ಶಿಬಿರಕ್ಕೆ ಬನ್ನಿ ಎಂದು ಚೀಟಿ ಬರೆದುಕೊಟ್ಟರು. ಸಂಖ್ಯೆ ಹೆಚ್ಚಿಸಿಕೊಳ್ಳುವ ಆಸೆಯಿದ್ದವರು ಹೀಗೆ ಮಾಡುವುದಿಲ್ಲ. ರೊಟ್ಟಿ ತಿಂದ ಯಜಮಾನರನ್ನೂ ಗದರಿಸದೆ, ಊಟವಾಗಿದೆ ಎಂದು ಚೀಟಿಯಲ್ಲಿ ಗುರುತಿಸಿ ಪರೀಕ್ಷೆ ಮಾಡಿದರು.

ಶಸ್ತ್ರಚಿಕಿತ್ಸೆಯನ್ನು ಶಾಲೆಯಲ್ಲೇ ಮಾಡುವುದಿಲ್ಲವೇ ಎಂದು ಕೆಲವು ಹಿರಿಯರು ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ. ಬೀಳಗಿಯವರಾದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಸಾಮೂಹಿಕ ಶಿಬಿರಗಳಲ್ಲಿ ಪೊರೆ ತೆಗೆಯುತ್ತಿದ್ದ ಕಾಲವನ್ನು ಕಂಡವರು ಅವರು. 1968ರಲ್ಲಿ ಪದ್ಮಭೂಷಣ ಪಡೆದ ಆ ವೈದ್ಯರ ಹೆಸರು ನಮ್ಮ ಹಳ್ಳಿಗಳಲ್ಲಿ ಈಗಲೂ ಬಾಯಲ್ಲಿದೆ. ಆಗ ಪೊರೆ ತೆಗೆದ ಮೇಲೆ ಸೋಡಾ ಬುಡ್ಡಿಯಂಥ ದಪ್ಪ ಕನ್ನಡಕವೇ ಗತಿಯಾಗಿತ್ತು. ಈಗ ಪೊರೆಗಟ್ಟಿದ ಮಸೂರವನ್ನು ತೆಗೆದು ಅದರ ಜಾಗದಲ್ಲಿ ಕೃತಕ ಲೆನ್ಸ್ ಕೂರಿಸುತ್ತಾರೆ, ಅದಕ್ಕೆ ಕಣ್ಣಿನ ಉದ್ದವನ್ನು ಅಳೆದು ಲೆನ್ಸಿನ ಪವರ್ ಲೆಕ್ಕ ಹಾಕಬೇಕು, ಸೋಂಕು ತಗುಲದಂತೆ ಸುಸಜ್ಜಿತ ಶಸ್ತ್ರಚಿಕಿತ್ಸಾ ಕೊಠಡಿಯೂ ಬೇಕು. ಆದ್ದರಿಂದಲೇ ತಪಾಸಣೆ ಮಾತ್ರ ಹಳ್ಳಿಯಲ್ಲಿ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿ ಎಂಬ ಪದ್ಧತಿ ಬಂದಿದೆ. ಕಣ್ಣಿನ ಆಪರೇಷನ್ ಚಳಿಗಾಲದಲ್ಲೇ ಆಗಬೇಕೆಂಬ ನಂಬಿಕೆ ಮಾತ್ರ ಇನ್ನೂ ಹೋಗಿಲ್ಲ. ಬೇಸಿಗೆಯ ಶಿಬಿರಕ್ಕೆ ಜನ ಬರುವುದೇ ಇಲ್ಲವೆಂದು ಕಾರ್ಯಕರ್ತರೊಬ್ಬರು ಬೇಸರಪಟ್ಟುಕೊಂಡರು.

ಆಯ್ಕೆಯಾದವರನ್ನು ಅಂದೇ ಸಂಜೆ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಜೊತೆಗೆ ಒಬ್ಬರು ಬರಬಹುದೆಂದಿದ್ದರಿಂದ ನಾನೂ ಹೋದೆ. ಈ ಹಂತದ ಸೇವೆಯ ಬಗ್ಗೆ ನನ್ನಲ್ಲಿ ಒಳ್ಳೆಯ ಮಾತಲ್ಲದೆ ಬೇರೇನೂ ಇಲ್ಲ. ಹಾಸಿಗೆ ಶುಭ್ರವಾಗಿತ್ತು, ರಾತ್ರಿ ಬಿಸಿ ಮುದ್ದೆ ಮತ್ತು ಸೊಪ್ಪಿನ ಸಾರು ಇತ್ತು, ಶೌಚಾಲಯದವರೆಗೆ ಕೈ ಹಿಡಿದು ನಡೆಸಲು ಆಯಾ ಇದ್ದರು. ಯಾವ ಕಣ್ಣಿಗೆ ಶಸ್ತ್ರಚಿಕಿತ್ಸೆಯೋ ಅದರ ಮೇಲೆ ಹಣೆಗೆ ಗುರುತು ಹಾಕಿದ್ದಲ್ಲದೆ, ಒಳಗೆ ಕರೆದೊಯ್ಯುವ ಮೊದಲು ಹೆಸರು, ಊರು, ಯಾವ ಕಣ್ಣು ಎಂದು ಅತ್ತೆಯ ಬಾಯಿಂದಲೇ ಮತ್ತೊಮ್ಮೆ ಹೇಳಿಸಿದರು. ಅರ್ಧ ಗಂಟೆಯೂ ಆಗದೆ ಹೊರಗೆ ಬಂದ ಅತ್ತೆ, "ಇಷ್ಟೇನಾ? ಇದಕ್ಕೆ ನಾನು ಎರಡು ವರ್ಷ ಹೆದರಿದ್ದೆ ನೋಡಪ್ಪ" ಎಂದರು. ಮರುದಿನ ಪಟ್ಟಿ ಬಿಚ್ಚಿದ ಮೇಲೆ ಅವರು ಮೊದಲು ನೋಡಿದ್ದು ತಮ್ಮ ಕೈಬಳೆಗಳನ್ನು. ಹಸಿರು ಇಷ್ಟು ಹಸಿರಾಗಿದೆಯೇ ಎಂದು ಕೇಳಿದರು.

ಕೊರತೆ ಆರಂಭವಾಗುವುದು ಮನೆಗೆ ಬಂದ ಮೇಲೆ. ಆಸ್ಪತ್ರೆಯಿಂದ ಕಪ್ಪು ಕನ್ನಡಕ, ಎರಡು ಬಗೆಯ ಹನಿ, ಒಂದು ಮುದ್ರಿತ ಹಾಳೆ ಕೊಟ್ಟಿದ್ದರು. ಮೊದಲ ವಾರ ದಿನಕ್ಕೆ ಆರು ಬಾರಿ, ಎರಡನೆಯ ವಾರ ಐದು ಬಾರಿ, ಹೀಗೆ ಆರು ವಾರಗಳವರೆಗೆ ಕಡಿಮೆ ಮಾಡುತ್ತಾ ಹೋಗಬೇಕಾದ ಹನಿ ಅದು. ಒಂಟಿಯಾಗಿರುವ, ವಯಸ್ಸಾದ ಹೆಂಗಸು ಈ ಲೆಕ್ಕವನ್ನು ಹೇಗೆ ಪಾಲಿಸಬೇಕು? ನಾನು ಕ್ಯಾಲೆಂಡರಿನಲ್ಲಿ ಗೆರೆ ಎಳೆದು ಕೊಟ್ಟೆ, ಪಕ್ಕದ ಮನೆಯ ಹುಡುಗಿ ಹನಿ ಹಾಕಿದಳು. ಹೀಗೆ ಯಾರೂ ಇಲ್ಲದವರ ಗತಿ ನನಗೆ ಗೊತ್ತಿಲ್ಲ. ಎರಡು ವಾರಕ್ಕೇ ಹನಿ ಖಾಲಿಯಾದಾಗ ಕೊರಟಗೆರೆಯ ಔಷಧಿ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದೆವು.

ಅದಕ್ಕಿಂತ ದೊಡ್ಡ ಲೋಪ ಮರುತಪಾಸಣೆಯದು. ಒಂದು ವಾರದ ಮತ್ತು ಒಂದು ತಿಂಗಳ ತಪಾಸಣೆಗೆ ಆಸ್ಪತ್ರೆಗೇ ಬರಬೇಕೆಂದು ಹಾಳೆಯಲ್ಲಿತ್ತು, ಆದರೆ ಕರೆದೊಯ್ಯಲು ಬಂದಿದ್ದ ಬಸ್ಸು ಇದಕ್ಕೆ ಬರಲಿಲ್ಲ. ಐದನೆಯ ದಿನ ಅತ್ತೆಯ ಕಣ್ಣು ಸ್ವಲ್ಪ ಕೆಂಪಾದಾಗ ಹಾಳೆಯಲ್ಲಿದ್ದ ಸಂಖ್ಯೆಗೆ ಬೆಳಗಿನಿಂದ ಕರೆ ಮಾಡಿದರೂ ಯಾರೂ ಎತ್ತಲಿಲ್ಲ. ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ನೋವು, ಕೆಂಪು, ದೃಷ್ಟಿ ಮಂಕಾಗುವುದು ಕಂಡರೆ ಅದು ಸೋಂಕಿನ ಲಕ್ಷಣವಿರಬಹುದು, ತಡಮಾಡಿದರೆ ಕಣ್ಣೇ ಹೋಗಬಹುದು. ನಾವು ಬಾಡಿಗೆ ಕಾರು ಮಾಡಿಕೊಂಡು ಹೋದೆವು; ಪುಣ್ಯಕ್ಕೆ ಗಾಬರಿಪಡುವಂಥದ್ದಾಗಿರಲಿಲ್ಲ. ಕಾರಿನ ಬಾಡಿಗೆಯ ಮಾತು ಹಾಗಿರಲಿ, ಕೂಲಿಗೆ ಹೋಗುವ ಮಗನಿರುವ ಮನೆಯಲ್ಲಿ ಆ ದಿನ ಯಾರು ಹೊರಡುತ್ತಿದ್ದರು? ಶಿಬಿರದ ಚಿತ್ರಗಳು ಮಾತ್ರ ಮೂರನೆಯ ದಿನವೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದಿದ್ದವು, ಕಪ್ಪು ಕನ್ನಡಕದ ಮುದುಕರನ್ನು ಬ್ಯಾನರಿನ ಕೆಳಗೆ ಸಾಲಾಗಿ ನಿಲ್ಲಿಸಿ ತೆಗೆದವು. ಹಾಗೆ ನಿಲ್ಲಲು ಒಪ್ಪಿಗೆಯಿದೆಯೇ ಎಂದು ಅತ್ತೆಯನ್ನು ಯಾರೂ ಕೇಳಿರಲಿಲ್ಲ.

ತುಮಕೂರು ಜಿಲ್ಲೆಯವರಾದ ನಮ್ಮಲ್ಲಿ ಸೇವೆಯ ಅಳತೆಗೋಲು ಎಂದರೆ ಸಿದ್ಧಗಂಗಾ ಮಠದ ದಾಸೋಹ. 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಬೆಳೆಸಿದ ಅನ್ನ, ಅಕ್ಷರ, ಆಶ್ರಯಗಳ ಆ ಪರಂಪರೆಗೆ ಒಂದು ಚಿಕ್ಕ ಟ್ರಸ್ಟನ್ನು ಹೋಲಿಸುವುದು ನ್ಯಾಯವಲ್ಲವೆಂದು ನನಗೂ ಗೊತ್ತು. ಆದರೂ ಅಲ್ಲಿನ ಒಲೆ ಹಬ್ಬದ ದಿನ ಮಾತ್ರ ಉರಿಯುವುದಲ್ಲ, ನಾಳೆ ಹೋದರೂ ಊಟವಿರುತ್ತದೆ ಎಂಬ ಭರವಸೆಯಿದೆಯಲ್ಲ, ಅದು ಈ ಶಿಬಿರದಲ್ಲಿ ಇರಲಿಲ್ಲ.

ಇದರ ಹಿಂದಿನ ಕಾರಣವೂ ಸ್ವಲ್ಪಮಟ್ಟಿಗೆ ಅರ್ಥವಾಗುವಂಥದ್ದೇ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸ್ವಯಂಸೇವಾ ಆಸ್ಪತ್ರೆಗಳಿಗೆ ಸಹಾಯಧನ ಸಿಗುವುದು ಮಾಡಿದ ಶಸ್ತ್ರಚಿಕಿತ್ಸೆಗಳ ಲೆಕ್ಕದ ಮೇಲೆ. ದಾನಿಗಳೂ ಎಷ್ಟು ಕಣ್ಣು ಎಂದೇ ಕೇಳುತ್ತಾರೆ. ನಾನೂ ಕೃತಜ್ಞತೆಯಿಂದ 5,000 ರೂಪಾಯಿ ಕೊಟ್ಟೆ. 2,000ಕ್ಕಿಂತ ಹೆಚ್ಚಿನ ನಗದು ದಾನಕ್ಕೆ ಆದಾಯ ತೆರಿಗೆಯ 80ಜಿ ವಿನಾಯಿತಿ ಸಿಗದೆಂದು ಅವರೇ ಎಚ್ಚರಿಸಿ ಬ್ಯಾಂಕಿನ ಮೂಲಕ ಹಾಕಿಸಿಕೊಂಡರು, ಕಾಲಕ್ಕೆ ಸರಿಯಾಗಿ ಆ ವಿನಾಯಿತಿಗೆ ಬೇಕಾದ 10ಬಿಇ ಎಂಬ ದಾನದ ಪ್ರಮಾಣಪತ್ರವನ್ನೂ ಕಳುಹಿಸಿದರು. ಹಣದ ವಿಷಯದಲ್ಲಿ ಇಷ್ಟು ಚೊಕ್ಕವಾಗಿರುವ ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಇದೆ, ತಿಂಗಳ ನಂತರ ಎಷ್ಟು ಮಂದಿ ತಪಾಸಣೆಗೆ ಬಂದರು, ಅವರಿಗೆ ಎಷ್ಟು ಕಾಣುತ್ತಿದೆ ಎಂಬ ಸಾಲು ಇಲ್ಲ. ಮುಂದಿನ ಬಾರಿ ದಾನ ಕೊಡುವಾಗ, ನನ್ನ ಹಣವನ್ನು ಒಂದನೆಯ ವಾರದ ಬಸ್ಸಿಗೇ ಬಳಸಬೇಕೆಂದು ಬರೆದು ಕೊಡುವವನಿದ್ದೇನೆ.

ಹಾಗಾದರೆ ಹೋಗಬಹುದೇ ಎಂದು ಕೇಳುವವರಿಗೆ, ಜೊತೆಗೆ ಓಡಾಡಲು ಮನೆಯವರು ಒಬ್ಬರಿದ್ದರೆ ಧಾರಾಳವಾಗಿ ಹೋಗಿ ಎನ್ನುತ್ತೇನೆ. ಆಧಾರ್ ಕಾರ್ಡು, ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಚೀಟಿ ಹಾಗೂ ಚೀಲದಲ್ಲಿ ಸ್ವಲ್ಪ ತಿಂಡಿ ಇರಲಿ. ಒಂಟಿಯಾಗಿರುವವರು ಮೊದಲೇ ಆಶಾ ಕಾರ್ಯಕರ್ತೆಯೊಡನೆ ಮಾತಾಡಿಕೊಳ್ಳುವುದು ಒಳ್ಳೆಯದು. ಅತ್ತೆಯ ಎಡಗಣ್ಣು ಇನ್ನೂ ಬಾಕಿಯಿದೆ. ಬೇರೆ ಕಡೆ ಹೋಗೋಣವೆಂದರೆ ಅವರು ಕೇಳುತ್ತಿಲ್ಲ, ಕೈ ಹಿಡಿದು ನಡೆಸಿದ ಆ ಆಯಾ ಇರುವ ಆಸ್ಪತ್ರೆಯೇ ಆಗಬೇಕಂತೆ. ಮುಂದಿನ ಶಿಬಿರಕ್ಕೆ ಹೆಸರು ಬರೆಸಿದ್ದೇವೆ, ಆರು ವಾರಕ್ಕೆ ಸಾಕಾಗುವಷ್ಟು ಹನಿಗೂ ಈಗಲೇ ದುಡ್ಡು ಎತ್ತಿಟ್ಟಿದ್ದೇನೆ.