ಹುಳ ನೋಡುವವರಿಗೆ ಈ ಸ್ಟೀರಿಯೋ ಮೈಕ್ರೋಸ್ಕೋಪ್ ಸಾಕಾ?

ನಾನು ಲ್ಯಾಬಿನಲ್ಲಿ ಸಿ. ಎಲೆಗನ್ಸ್ ಹುಳ ಸಾಕುತ್ತೇನೆ. ದೊಡ್ಡದಾದರೂ ಉದ್ದ ಸುಮಾರು 1 ಮಿಲಿಮೀಟರ್ ಅಷ್ಟೇ. ಈ ಮೈಕ್ರೋಸ್ಕೋಪ್‌ನಲ್ಲಿ ಚಿತ್ರ ತುಂಬಾ ಸ್ಪಷ್ಟ. ಕೆಳಗಿನ ಕನ್ನಡಿ ಸ್ವಲ್ಪ ವಾಲಿಸಿ ಜೂಮ್ ಹೆಚ್ಚಿಸಿದರೆ ಗಂಟಲು ಮಿಡಿಯುವುದೂ ಹೊಟ್ಟೆಯೊಳಗಿನ ಮೊಟ್ಟೆಗಳೂ ಕಾಣುತ್ತವೆ.

ನನಗೆ ಮುಖ್ಯವಾಗಿ ಬೇಕಿದ್ದದ್ದು ಡೌವರ್ ಮರಿಗಳನ್ನು ಗುರುತಿಸುವುದು. ಆಹಾರ ಕಡಿಮೆಯಾಗಿ ಗುಂಪು ಜಾಸ್ತಿಯಾದರೆ ಮರಿ ಬೆಳೆಯುವ ದಾರಿಯನ್ನೇ ಬದಲಿಸುತ್ತದೆ. ತೆಳ್ಳಗಾಗಿ, ಬಾಯಿ ಮುಚ್ಚಿಕೊಂಡು, ಏನೂ ತಿನ್ನದೆ ತಿಂಗಳುಗಟ್ಟಲೆ ಬದುಕುತ್ತದೆ. ಇದೇ ಡೌವರ್ ಹಂತ. ಡೌವರ್ ಆಗುವುದನ್ನು ನಿಯಂತ್ರಿಸುವ ಡ್ಯಾಫ್-2 ಜೀನ್‌ನಲ್ಲಿ ದೋಷವಿರುವ ನಮ್ಮ ತಳಿಯಂತೂ ಇನ್ನೂ ಸೋಜಿಗ. 15 ಡಿಗ್ರಿಯಲ್ಲಿ ಬೆಳೆದು ಮೊಟ್ಟೆ ಇಡುತ್ತದೆ. 25 ಡಿಗ್ರಿಯಲ್ಲಿ ಸುತ್ತಲೂ ಬ್ಯಾಕ್ಟೀರಿಯಾ ಊಟ ಇದ್ದರೂ ಡೌವರ್ ಆಗಿಬಿಡುತ್ತದೆ. ಎರಡೂ ಕಡೆ ಜೀನ್ ಅದೇ! ತಟ್ಟೆಗಳನ್ನು ಒಂದಾದ ಮೇಲೊಂದು ಇಟ್ಟು ನೋಡಿದರೆ ವ್ಯತ್ಯಾಸ ತಕ್ಷಣ ಕಣ್ಣಿಗೆ ಬೀಳುತ್ತದೆ.

ನನ್ನ ದೂರು ಇರುವುದು ಬುಡದ ಹ್ಯಾಲೊಜೆನ್ ದೀಪದ ಮೇಲೆ. ಬೇಗ ಕಾಯುತ್ತದೆ. ಹುಳ ಆರಿಸುತ್ತಾ ಕೂತರೆ ತಟ್ಟೆ ಬೆಚ್ಚಗಾಗುವುದು ಬೆರಳಿಗೇ ಗೊತ್ತಾಗುತ್ತದೆ. ಕೆಲವೇ ಡಿಗ್ರಿಗೆ ಬೆಳವಣಿಗೆ ಬದಲಿಸುವ ಹುಳಕ್ಕೆ ಇದು ಸಣ್ಣ ಕೊರತೆಯಲ್ಲ, ಅಲ್ವಾ? ಕೊಳ್ಳುವುದಾದರೆ ಎಲ್‌ಇಡಿ ಬುಡ ಇರುವ ಮಾದರಿಯನ್ನೇ ಕೇಳಿ.