ಫ್ಯೂಸ್ ಮೇಲೆ ತಂತಿ ಸುತ್ತಿದ್ದನ್ನು ನೋಡಿಯೂ ಸುಮ್ನಿದ್ದೆ

ಹಳೇ ಫಿಯೆಟ್, ಅಂಬಾಸಡರ್, ಜೀಪ್ ಇಟ್ಟುಕೊಂಡು ವೈರಿಂಗ್ ಮಾಡಿಸಬೇಕು ಅಂತ ಓಡಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ದುಡ್ಡು ಹೋಗಿದ್ದು ದೊಡ್ಡದಲ್ಲ. ದೇವರಾಯನದುರ್ಗದ ಇಳಿಜಾರಿನಲ್ಲಿ, ಕತ್ತಲಲ್ಲಿ, ಅಮ್ಮ ಹಿಂದಿನ ಸೀಟಲ್ಲಿದ್ದಾಗ ಡ್ಯಾಶ್‌ಬೋರ್ಡ್ ಕೆಳಗಿಂದ ಹೊಗೆ ಬಂತಲ್ಲ, ಅದು ದೊಡ್ಡದು.

ಗಾಡಿ 1976ರ ಪ್ರೀಮಿಯರ್ ಪದ್ಮಿನಿ, ಮುಂಬೈನ ಕುರ್ಲಾದಲ್ಲಿ ತಯಾರಾದದ್ದು. ಹೆಸರು ಪದ್ಮಿನಿ ಆದರೂ ನಮ್ಮ ಕಡೆ ಯಾರೂ ಹಾಗೆ ಕರೆಯಲ್ಲ. ಫಿಯೆಟ್ ಅಂದರೆ ಮುಗೀತು. ಗುಬ್ಬಿ ಹತ್ತಿರ ನಮ್ಮ ದೊಡ್ಡಪ್ಪನ ಅಡಿಕೆ ತೋಟ ಇದೆ. ಒಳ್ಳೇ ಬೆಲೆ ಸಿಕ್ಕ ವರ್ಷ ಅವರು ಇದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿದ್ದರು. ಅವರು ಹೋದ ಮೇಲೆ ಹನ್ನೊಂದು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಒಳಗೆ ಇಲಿಗಳು ಸಂಸಾರ ಹೂಡಿದ್ದವು. "ಗುಜರಿಗೆ ಹಾಕ್ತೀನಿ, ಬೇಕಾದ್ರೆ ನೀನೇ ತಗೊಂಡೋಗಪ್ಪ" ಅಂದರು ದೊಡ್ಡಮ್ಮ. ತುಮಕೂರಿಗೆ ಎಳೆಸಿಕೊಂಡು ಬಂದೆ.

ಎಂಜಿನ್ ಕೆಲಸ ಸಲೀಸಾಗಿ ಆಯಿತು. 1089 ಸಿಸಿಯ ಪುಟ್ಟ ಎಂಜಿನ್, ಒಂದು ಕಾರ್ಬ್ಯುರೇಟರ್. ಕಣ್ಣು ಮುಚ್ಚಿಕೊಂಡು ಬಿಚ್ಚಿ ಕೂಡಿಸುವ ಮೆಕ್ಯಾನಿಕ್‌ಗಳು ಇನ್ನೂ ನಮ್ಮ ಊರಲ್ಲಿದ್ದಾರೆ. ತೊಂದರೆ ಶುರುವಾಗಿದ್ದು ವೈರಿಂಗ್‌ನಲ್ಲಿ. ಹೆಡ್‌ಲೈಟ್ ಹಾಕಿದರೆ ಸೀಮೆಎಣ್ಣೆ ಬುಡ್ಡಿ ಥರ ಉರಿಯೋದು. ಹಾರ್ನ್ ಒತ್ತಿದರೆ ಲೈಟ್ ಇನ್ನೂ ಮಂಕಾಗೋದು. ಬಲಗಡೆ ಇಂಡಿಕೇಟರ್ ಹಾಕಿದರೆ ಹಿಂದಿನ ಲೈಟೂ ಜೊತೆಗೆ ಮಿಣಮಿಣ ಅನ್ನೋದು. ಆರ್‌ಸಿ ರಿನ್ಯೂ ಆಗಬೇಕಿತ್ತು, ಆರ್‌ಟಿಒದವರ ಮುಂದೆ ಲೈಟು ಗೀಟು ಎಲ್ಲಾ ಸರಿ ಇರಬೇಕು. ಅವಸರಕ್ಕೆ ಬಿದ್ದೆ.

ಆಟೋ ಎಲೆಕ್ಟ್ರಿಷಿಯನ್ ಒಬ್ಬನ ಹತ್ತಿರ ಹೋದೆ. ಹೆಸರು, ಅಂಗಡಿ ಎಲ್ಲಾ ಬೇಡ. ಹುಡುಗ ಒಳ್ಳೆಯವನೇ, ಮಾತು ನಯ, ಹೊಸ ಗಾಡಿಗಳಿಗೆ ಮ್ಯೂಸಿಕ್ ಸಿಸ್ಟಂ ಹಾಕೋದರಲ್ಲಿ ಎತ್ತಿದ ಕೈ. "ಅಣ್ಣಾ, ಹಳೇದೆಲ್ಲಾ ಕಿತ್ತಾಕಿ ಹೊಸಾದು ಎಳೆದ್ಬಿಡ್ತೀನಿ. ಎರಡು ದಿನ. ಆರೂವರೆ ಸಾವಿರ ಕೊಡಿ ಸಾಕು" ಅಂದ. ಕಡಿಮೆ ಆಯ್ತಲ್ಲ ಅಂತ ಖುಷಿಪಟ್ಟೆ.

ಮೂರನೇ ದಿನ ಹೋದಾಗ ಲೈಟು ಹಗಲಿನ ಹಾಗೆ ಉರಿಯುತ್ತಿತ್ತು. ಹಳೇ ಬಲ್ಬ್ ತೆಗೆದು 100/90 ವ್ಯಾಟ್ (ಹೈ ಬೀಮ್‌ಗೆ 100, ಲೋ ಬೀಮ್‌ಗೆ 90) ಹ್ಯಾಲೋಜನ್ ಹಾಕಿದ್ದ. ನಾನು ಕೇಳದೇ ಇದ್ದರೂ ಒಂದು ಮ್ಯೂಸಿಕ್ ಸಿಸ್ಟಂ, ಮೊಬೈಲ್ ಚಾರ್ಜರ್ ಬೇರೆ. ಹಳೇ ವೈರ್ ಕಟ್ಟು ಎಲ್ಲಪ್ಪ ಅಂದೆ. "ಅದು ಗುಜರಿಗೆ ಹೋಯ್ತಣ್ಣ" ಅಂದ. ಒಳಗೆ ತಾಮ್ರ ಇತ್ತಲ್ಲ, ಅವನಿಗೆ ಟೀ ಖರ್ಚಿಗೆ ಆಯಿತು. ಆ ಕಟ್ಟಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣದ ವೈರ್ ಇತ್ತು, ಎಲ್ಲಿಂದ ಎಲ್ಲಿಗೆ ಅನ್ನೋದಕ್ಕೆ ಅದೇ ನಕ್ಷೆ. ಆ ಬೆಲೆ ಆವತ್ತು ನನಗೂ ಗೊತ್ತಿರಲಿಲ್ಲ ಬಿಡಿ. ಹೊಸದಾಗಿ ಎಳೆದಿದ್ದೆಲ್ಲಾ ಕೆಂಪು, ಇಲ್ಲಾ ಕಪ್ಪು. ಮನೆ ಗೋಡೆಯೊಳಗೆ ಹಾಕುವ ವೈರ್.

ಎರಡೇ ವಾರಕ್ಕೆ ಫ್ಯೂಸ್ ಹೋಯಿತು. ಇನ್ನೊಂದು ಹಾಕಿದೆ, ಅದೂ ಹೋಯಿತು. ಈ ಗಾಡಿಯ ಫ್ಯೂಸ್ ಈಗಿನ ಚಪ್ಪಟೆ ಪ್ಲಾಸ್ಟಿಕ್ ಫ್ಯೂಸ್ ಥರ ಇರಲ್ಲ. ಪಿಂಗಾಣಿಯ ಸಣ್ಣ ಕಡ್ಡಿ, ಎರಡೂ ತುದಿ ಚೂಪು, ಹೊರಗೆ ತೆಳ್ಳನೆ ಪಟ್ಟಿ. 8 ಆಂಪಿಯರ್‌ದು. ಮತ್ತೆ ಅವನ ಹತ್ತಿರ ಹೋದೆ. ಅವನು ವೈರಿನ ತುಂಡೊಂದರಿಂದ ನಾಲ್ಕು ಎಳೆ ತಾಮ್ರ ಬಿಡಿಸಿ, ಸುಟ್ಟ ಫ್ಯೂಸಿನ ಮೇಲೆ ಆ ತುದಿಯಿಂದ ಈ ತುದಿಗೆ ಸುತ್ತಿ, ಹಲ್ಲಲ್ಲಿ ಕಚ್ಚಿ ಮಿಕ್ಕಿದ್ದನ್ನು ಕತ್ತರಿಸಿ, ಕ್ಲಿಪ್ಪಿಗೆ ಒತ್ತಿದ. "ಇನ್ನು ಜನ್ಮದಲ್ಲಿ ಹೋಗಲ್ಲ ಅಣ್ಣ."

ನಾನು ಅಲ್ಲೇ ನಿಂತಿದ್ದೆ. ಮನೆ ಫ್ಯೂಸಿಗೆ ಹೀಗೆ ದಪ್ಪ ತಂತಿ ಕಟ್ಟಬಾರದು ಅಂತ ನಮ್ಮಪ್ಪ ನಾನು ಚಿಕ್ಕವನಿದ್ದಾಗಲೇ ಬೈದು ಹೇಳಿದ್ದರು. ಆದರೂ ಬಾಯಿ ಬಿಡಲಿಲ್ಲ. ಗಾಡಿಯದು ಬರೀ 12 ವೋಲ್ಟ್ ತಾನೇ, ಏನಾಗುತ್ತೆ ಅಂತ. ಬಹಳ ಜನ ಹೀಗೇ ಅಂದುಕೊಂಡಿದ್ದೇವೆ. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯಲ್ಲ, ನಿಜ. ಆದರೆ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪಿಯರ್ ಒಂದೇ ಸಲ ಬಿಡುತ್ತೆ. ಸ್ಟಾರ್ಟರ್ ಮೋಟಾರ್ ತಿರುಗಿಸುವ ಶಕ್ತಿ ಅದು. ಅಷ್ಟೂ ಒಂದು ಸಣ್ಣ ವೈರಿನಲ್ಲಿ ಹರಿದರೆ ವೈರ್ ಒಲೆಯಾಗುತ್ತೆ.

ಒಂದು ಭಾನುವಾರ ಸಂಜೆ ಅಮ್ಮ, ಹೆಂಡತಿಯನ್ನು ಕರೆದುಕೊಂಡು ದೇವರಾಯನದುರ್ಗಕ್ಕೆ ಹೋದೆ. ಮೇಲಿನ ದೇವಸ್ಥಾನ ನೋಡಿಕೊಂಡು ಇಳಿಯುವಾಗ ಕತ್ತಲಾಗಿತ್ತು. ತಿರುವುಗಳಲ್ಲಿ ಹೈ ಬೀಮ್ ಹಾಕಿಕೊಂಡೇ ಬರುತ್ತಿದ್ದೆ. ಮೊದಲು ವಾಸನೆ. ಮೀನು ಕೆಟ್ಟ ಹಾಗೆ, ಪ್ಲಾಸ್ಟಿಕ್ ಬಿಂದಿಗೆ ಒಲೆಗೆ ತಾಗಿದ ಹಾಗೆ, ಎರಡೂ ಸೇರಿ. "ರೀ, ಏನೋ ಸುಡ್ತಾ ಇದೆ" ಅಂದಳು ಹೆಂಡತಿ. "ಯಾರೋ ಕಸ ಸುಡ್ತಿರಬೇಕು" ಅಂದೆ. ಹೇಳಿ ಮುಗಿಸುವಷ್ಟರಲ್ಲಿ ಎರಡೂ ಹೆಡ್‌ಲೈಟ್ ಫಕ್ ಅಂತ ಹೋದವು. ಕಾಡಿನ ತಿರುವು, ಎದುರಿಗೆ ಏನೂ ಕಾಣಲ್ಲ. ರಸ್ತೆಯ ಬಿಳಿ ಗೆರೆ ಎಲ್ಲೋ ಇದ್ದ ಅಂದಾಜಿನ ಮೇಲೆ ಬ್ರೇಕ್ ಒತ್ತಿ ನಿಲ್ಲಿಸಿದೆ. ಸ್ಟೀರಿಂಗ್ ಕೆಳಗಿಂದ ಬೆಳ್ಳನೆ ಹೊಗೆ ನಿಧಾನಕ್ಕೆ ಮೇಲೇಳುತ್ತಿತ್ತು, ಊದಿನಕಡ್ಡಿ ಹೊಗೆ ಥರ. ಆಮೇಲೆ ನಿಧಾನ ಏನೂ ಇರಲಿಲ್ಲ.

ಲೈಟ್ ಸ್ವಿಚ್ ಆಫ್ ಮಾಡಿದೆ. ಕೀ ತೆಗೆದೆ. ಹೊಗೆ ನಿಲ್ಲಲಿಲ್ಲ! ಅದು ನನಗೆ ಅರ್ಥವೇ ಆಗಲಿಲ್ಲ. ಕೀ ತೆಗೆದ ಮೇಲೂ ಹೇಗೆ ಉರಿಯುತ್ತೆ? ಹೆಂಡತಿ ಅಮ್ಮನನ್ನು ಇಳಿಸಿ ದೂರ ಕರೆದುಕೊಂಡು ಹೋದಳು. ನಾನು ಬಾನೆಟ್ ಎತ್ತಿದೆ. ಬ್ಯಾಟರಿ ಟರ್ಮಿನಲ್ ತೆಗೆಯೋಣ ಅಂದರೆ ಸ್ಪ್ಯಾನರ್ ಡಿಕ್ಕಿಯಲ್ಲಿ, ಸ್ಟೆಪ್ನಿ ಹಿಂದೆ, ಗೋಣಿಚೀಲದೊಳಗೆ. ಅಷ್ಟರಲ್ಲಿ ಮೇಲಿಂದ ಬಂದ ಟೆಂಪೋದವರೊಬ್ಬರು ನಿಲ್ಲಿಸಿ ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದೇ ಇಳಿದರು. ನಾನು ನೀರಿನ ಬಾಟಲಿ ಬಿಚ್ಚುತ್ತಿದ್ದೆ. "ನೀರು ಬ್ಯಾಡ ಸಾರ್, ಪೆಟ್ರೋಲ್ ಐತೆ! ಮೊದ್ಲು ಟರ್ಮಿನಲ್ ಕೀಳಿ" ಅಂತ ಕೂಗಿ, ಟವೆಲ್ ಸುತ್ತಿಕೊಂಡು ಬ್ಯಾಟರಿಯಿಂದ ಬಾಡಿಗೆ ಹೋಗುವ ಅರ್ತ್ ವೈರ್ ಹಿಡಿದು ತಿರುಚಿ ಎಳೆದೇಬಿಟ್ಟರು. ಹೊಗೆ ನಿಂತಿತು. ಅವರ ಹೆಸರು ಕೇಳುವುದಕ್ಕೂ ನನಗೆ ಬುದ್ಧಿ ಓಡಲಿಲ್ಲ. ಊರ್ಡಿಗೆರೆ ಕಡೆಯವರು ಅಂದಿದ್ದು ಮಾತ್ರ ನೆನಪಿದೆ. ಪೆಟ್ರೋಲ್ ಪಂಪಿನ ರಬ್ಬರ್ ಪೈಪು ಸುಟ್ಟ ವೈರಿನಿಂದ ಒಂದು ಗೇಣು ದೂರ ಇತ್ತು. ಬೆಳಗ್ಗೆ ನೋಡಿದಾಗ ಕಾಲು ನಡುಗಿದ್ದು.

ಇನ್ಶೂರೆನ್ಸ್ ಬಗ್ಗೆ ಕೇಳಬೇಡಿ. ಥರ್ಡ್ ಪಾರ್ಟಿ ಮಾತ್ರ ಮಾಡಿಸಿದ್ದೆ, ನಮ್ಮ ಗಾಡಿ ಸುಟ್ಟರೆ ಅದರಲ್ಲಿ ಒಂದು ರೂಪಾಯಿ ಬರಲ್ಲ. ಎಲೆಕ್ಟ್ರಿಷಿಯನ್ "ಹಳೇ ಗಾಡಿ ಅಂದ್ಮೇಲೆ ಇದೆಲ್ಲಾ ಇದ್ದಿದ್ದೇ ಅಣ್ಣ" ಅಂದ. ಜಗಳ ಆಡಿ ಏನು ಮಾಡೋದು, ತಂತಿ ಸುತ್ತುವಾಗ ಟಾರ್ಚ್ ಹಿಡಿದಿದ್ದವನೇ ನಾನು.

ಆಮೇಲೆ ಸಿಕ್ಕಿದವರು ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ರಿಟೈರ್ ಆದ ಯಜಮಾನರು. ದುಡ್ಡಿನ ಮಾತೇ ಎತ್ತಲಿಲ್ಲ. ಮೊದಲು ಒಂದು ಸ್ಟೂಲ್ ಹಾಕಿಸಿಕೊಂಡು ಕೂತು, ಸುಟ್ಟ ವೈರ್ ಕಟ್ಟನ್ನು ಬಿಡಿಸುತ್ತಾ ಹೋದರು. ಪ್ಲಾಸ್ಟಿಕ್ ಕರಗಿ, ಗುಳ್ಳೆ ಎದ್ದು, ಆರಿದ ಬೆಲ್ಲದ ಪಾಕದ ಥರ ಎಲ್ಲಾ ಒಂದಕ್ಕೊಂದು ಅಂಟಿಕೊಂಡಿತ್ತು. ಒಂದು ಜಾಗ ತೋರಿಸಿದರು. ಎಂಜಿನ್‌ಗೂ ಡ್ಯಾಶ್‌ಬೋರ್ಡ್‌ಗೂ ನಡುವೆ ತಗಡು ಇರುತ್ತಲ್ಲ, ಅದರಲ್ಲಿ ವೈರ್ ತೂರಿಸೋಕೆ ತೂತು. ಆ ತೂತಿನ ಅಂಚಿಗೆ ರಬ್ಬರ್ ಗ್ರೋಮೆಟ್, ಅಂದರೆ ರಬ್ಬರ್ ಬಳೆ, ಇರಬೇಕು. ಇರಲಿಲ್ಲ. ತಗಡಿನ ಅಂಚು ಚಾಕು ಥರ ವೈರನ್ನು ಉಜ್ಜಿ ಉಜ್ಜಿ ಸಿಪ್ಪೆ ಸುಲಿದಿತ್ತು. ಹೆಡ್‌ಲೈಟಿನ ವೈರ್ ಬಾಡಿಗೆ ತಾಗಿ ಶಾರ್ಟ್. ಕಂಪನಿ ಫ್ಯೂಸ್ ಇದ್ದಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ, ಲೈಟ್ ಆರಿ, ಕತೆ ಅಲ್ಲಿಗೇ ಮುಗಿಯುತ್ತಿತ್ತು. ನಾಲ್ಕೆಳೆ ತಾಮ್ರ ಹೋಗಲಿಲ್ಲ. ಬದಲಿಗೆ ವೈರ್ ಕಾದು, ಪಕ್ಕದ ವೈರುಗಳನ್ನೂ ಕರಗಿಸಿತು. ಆ ಪಕ್ಕದಲ್ಲೇ ಮ್ಯೂಸಿಕ್ ಸಿಸ್ಟಂ ವೈರ್. ಬ್ಯಾಟರಿಯಿಂದ ನೇರ ಬಂದಿದ್ದು, ಮಧ್ಯೆ ಫ್ಯೂಸೂ ಇಲ್ಲ, ಕೀಗೂ ಸಂಬಂಧ ಇಲ್ಲ. ಕೀ ತೆಗೆದರೂ ಹೊಗೆ ನಿಲ್ಲದ್ದು ಅದಕ್ಕೆ.

"ಫ್ಯೂಸ್ ಯಾಕೆ ಹೋಗ್ತಿತ್ತು ಅಂತ ಲೆಕ್ಕ ಹಾಕಿದ್ಯಾ?" ಅಂದರು. ಹಾಕಿರಲಿಲ್ಲ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್, ಹೈಸ್ಕೂಲಿನದೇ ಪಾಠ. ಹಳೇ ಬಲ್ಬ್ 45 ವ್ಯಾಟ್, ಎರಡು ಸೇರಿ 90, ಅಂದರೆ ಏಳೂವರೆ ಆಂಪಿಯರ್. 100ರ ಬಲ್ಬ್ ಎರಡು ಅಂದರೆ ಹದಿನಾರು, ಹದಿನೇಳು. ಹುಡುಗ ಎರಡನ್ನೂ ಒಂದೇ 8ರ ಫ್ಯೂಸಿಗೆ ಕೊಟ್ಟಿದ್ದ. ಫ್ಯೂಸ್ ಪಾಪ ತನ್ನ ಕೆಲಸ ಮಾಡಿತ್ತು. ಇಷ್ಟೂ ಕರೆಂಟ್ ಸ್ಟೀರಿಂಗ್ ಪಕ್ಕದ ಆ ಹಳೇ ಸ್ವಿಚ್ಚಿನ ಒಳಗೇ ಹಾಯ್ದು ಹೋಗಬೇಕು, ಒಳಗಿನ ಪಾಯಿಂಟ್ ಕಡಲೆಬೀಜದಷ್ಟೂ ಇಲ್ಲ.

ನನಗೆ ಹೊಟ್ಟೆ ಉರಿದಿದ್ದು ಇನ್ನೊಂದು ವಿಷಯಕ್ಕೆ. ಅಸಲಿಗೆ ಬಲ್ಬ್ ಬದಲಾಯಿಸುವ ಅಗತ್ಯವೇ ಇರಲಿಲ್ಲ. ಯಜಮಾನರು ಸುಟ್ಟಲ್ಲಿ ತಾತ್ಕಾಲಿಕಕ್ಕೆ ವೈರ್ ಜೋಡಿಸಿ, ಲೈಟ್ ಹಾಕಿಸಿ, ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟರು. ಬ್ಯಾಟರಿಯಲ್ಲಿ 12.4. ಬಲ್ಬಿನ ಹತ್ತಿರ 9.8. ಮಿಕ್ಕಿದ್ದು ದಾರಿಯಲ್ಲೇ ಸೋರಿಹೋಗುತ್ತಿತ್ತು. ಹೆಡ್‌ಲೈಟ್ ಹಿಂದೆ ಅರ್ತಿಂಗ್ ಬೋಲ್ಟ್ ತುಕ್ಕು ಹಿಡಿದು, ಅದರ ಮೇಲೆ ಯಾವ ಕಾಲದಲ್ಲೋ ಬಣ್ಣ ಬಳಿದಿದ್ದರು. ಬಿಚ್ಚಿ, ಉಪ್ಪುಕಾಗದದಲ್ಲಿ ತಗಡು ಹೊಳೆಯುವ ತನಕ ಉಜ್ಜಿ, ಗ್ರೀಸ್ ಸವರಿ ಬಿಗಿ ಮಾಡಿದರು. ಫ್ಯೂಸ್ ಕ್ಲಿಪ್ಪುಗಳನ್ನೂ ಉಜ್ಜಿದರು. ಮತ್ತೆ ಮೀಟರ್ ಇಟ್ಟರೆ ಬಲ್ಬಿನ ಹತ್ತಿರ 11.8. ಹತ್ತು ರೂಪಾಯಿಯ ಉಪ್ಪುಕಾಗದ! ಹಾಗಾಗಿ ಲೈಟ್ ಮಂಕು ಅಂತ ಯಾರಾದರೂ ದೊಡ್ಡ ಬಲ್ಬ್ ಹಾಕೋಕೆ ಬಂದರೆ ಮೊದಲು ಮೀಟರ್ ಇಟ್ಟು ತೋರಿಸು ಅನ್ನಿ. ಬ್ಯಾಟರಿಗೂ ಬಲ್ಬಿಗೂ ನಡುವೆ ಹೀಗೆ ದೊಡ್ಡ ವ್ಯತ್ಯಾಸ ಇದ್ದರೆ ತಪ್ಪು ಬಲ್ಬಿನದಲ್ಲ. ಮೀಟರ್ ಇಲ್ಲ ಅಂದರೆ ಗಾಡಿ ತಿರುಗಿಸಿಕೊಂಡು ಬನ್ನಿ.

ಬ್ಯಾಟರಿ ಚಾರ್ಜ್ ಮಾಡೋಕೆ ಹಳೇ ಕಾಲದ ಡೈನಮೋ ಇರುವ ಗಾಡಿಯವರು ಇನ್ನೂ ಹುಷಾರು. ಐಡಲ್‌ನಲ್ಲಿ ಅದು ಚಾರ್ಜ್ ಮಾಡೋದು ಅಷ್ಟಕ್ಕಷ್ಟೇ. ಸಿಗ್ನಲ್ಲಿನಲ್ಲಿ ನಿಂತಾಗ ಕೆಂಪು ದೀಪ ಮಿಣುಕುತ್ತೆ, ಅದು ಅದರ ಗುಣ. ಅದರ ಮೇಲೆ ಮ್ಯೂಸಿಕ್ಕು, ಚಾರ್ಜರ್ರು, ಸರ್ಚ್‌ಲೈಟ್ ಥರದ ಬಲ್ಬು ಹೇರಿದರೆ ಬ್ಯಾಟರಿ ಸೊರಗುತ್ತೆ.

ಎರಡನೇ ಸಲ ಕೆಲಸ ಹಿಡಿದಿದ್ದು ಇಪ್ಪತ್ತು ದಿನ. ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಗಾಡಿಗೇ ಅಂತ ಬರುವ ಆಟೋ ವೈರ್ ಆರು ಬಣ್ಣದಲ್ಲಿ ತಂದೆ. ಮನೆ ವೈರಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ನಾನೂ ಕೇಳಿದ್ದೆ. ಎಂಜಿನ್ ಶಾಖ, ಆಯಿಲ್ಲು, ಅಲುಗಾಟ ಎಲ್ಲಾ ತಡೆಯೋ ಹಾಗೆ ಇದರ ಸಿಪ್ಪೆ ಮಾಡಿರುತ್ತಾರೆ. ಯಜಮಾನರು ಒಂದು ಕಡೆಯೂ ವೈರ್ ಹೊಸೆದು ಟೇಪ್ ಸುತ್ತಲಿಲ್ಲ. ಇನ್ಸುಲೇಷನ್ ಟೇಪಿನ ಅಂಟು ಬೇಸಿಗೆಗೆ ಕರಗಿ ಬಿಚ್ಚಿಕೊಳ್ಳುತ್ತೆ, ನನ್ನ ಗಾಡಿಯಲ್ಲೇ ನೋಡಿದ್ದೆ. ವೈರಿನ ತುದಿಗೆ ಲೋಹದ ಲಗ್ ಹಾಕಿ ಒತ್ತಿ, ಮೇಲೆ ಸ್ಲೀವ್ ತೂರಿಸಿ ಬಿಸಿ ಮಾಡಿ ಕುಗ್ಗಿಸಿದರು. ಹೆಡ್‌ಲೈಟಿಗೆ ರಿಲೇ ಬಂತು, ಅಂದರೆ ಸಣ್ಣ ಕರೆಂಟಿನಲ್ಲಿ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್, ಹೈಗೊಂದು, ಲೋಗೊಂದು. ಈಗ ಹಳೇ ಸ್ವಿಚ್ಚಿನಲ್ಲಿ ಕಾಲು ಆಂಪಿಯರ್ ಕೂಡ ಹರಿಯಲ್ಲ, ಅದು ರಿಲೇಗೆ ಸನ್ನೆ ಮಾಡುತ್ತೆ ಅಷ್ಟೇ. ಬಲ್ಬಿಗೆ ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ದಾಟಿ ರಿಲೇ ಮೂಲಕ ಹೋಗುತ್ತೆ. ಬಲ್ಬ್ 60/55, ಅದಕ್ಕಿಂತ ಮೇಲೆ ಬೇಡವೇ ಬೇಡ ಅಂದರು. ಎದುರು ಬರುವವರ ಕಣ್ಣಿಗೂ ಅದೇ ಒಳ್ಳೇದು. ಎಲ್ಲಾ ಆದ ಮೇಲೆ ಹತ್ತು ನಿಮಿಷ ಹೈ ಬೀಮ್ ಉರಿಸಿ, ಆರಿಸಿ, ಒಂದೊಂದು ಜಾಯಿಂಟನ್ನೂ ಬೆರಳಲ್ಲಿ ಮುಟ್ಟಿ ನೋಡಿದರು. ಬಿಸಿ ಇದ್ದರೆ ಅಲ್ಲಿ ಲೂಸ್ ಇದೆ ಅಂತ. ಎರಡು ಕಡೆ ಸಿಕ್ಕಿತು, ಮತ್ತೆ ಬಿಚ್ಚಿದರು.

ಖರ್ಚು ಎಲ್ಲಾ ಸೇರಿ ಹತ್ತೊಂಬತ್ತು ಸಾವಿರದ ಚಿಲ್ಲರೆ. ಮೊದಲ ಆರೂವರೆ ಬೇರೆ.

ಬ್ಯಾಟರಿ ಪಕ್ಕ ಈಗ ಒಂದು ಕಟ್-ಆಫ್ ಸ್ವಿಚ್ ಇದೆ. ಗಾಡಿ ನಿಲ್ಲಿಸಿದರೆ ತಿರುಗಿಸಿಯೇ ಮನೆಯೊಳಗೆ ಹೋಗೋದು. ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಮುಂದಿನ ಸೀಟಿನ ಕೆಳಗೆ, 10ರ ಸ್ಪ್ಯಾನರ್ ಡ್ಯಾಶ್‌ಬೋರ್ಡಿನಲ್ಲೇ. ಟರ್ಮಿನಲ್ ಬಿಚ್ಚುವಾಗ ಅರ್ತ್ ಕಡೆಯದನ್ನೇ ಮೊದಲು ಬಿಚ್ಚಬೇಕು ಅಂತ ಹೆಂಡತಿಗೂ ಕಲಿಸಿದ್ದೇನೆ. ಇಲ್ಲಾಂದರೆ ಸ್ಪ್ಯಾನರ್ ಬಾಡಿಗೆ ತಾಗಿ ಅಲ್ಲೇ ಕಿಡಿ. ಅಮ್ಮ ಮಾತ್ರ ಇನ್ನೂ ಹತ್ತಿಲ್ಲ. "ನಾನು ಬಸ್ಸಲ್ಲೇ ಬರ್ತೀನಪ್ಪ" ಅಂತಾರೆ.

ಹಿಂದಿನ ಇಂಡಿಕೇಟರ್, ಡಿಕ್ಕಿ ಲೈಟು ಇನ್ನೂ ಬಾಕಿ. ಯಾವ ಬಣ್ಣದ ವೈರ್ ಎಲ್ಲಿಗೆ ಅಂತ ಹೇಳೋಕೆ ಹಳೇ ಕಟ್ಟೇ ಇಲ್ಲವಲ್ಲ. ನಿಮ್ಮಲ್ಲಿ ಯಾರ ಹತ್ತಿರಾದರೂ ಆ ಕಾಲದ ಪದ್ಮಿನಿ ಇದ್ದು, ಒಳಗಿನ ವೈರಿಂಗ್ ಯಾರೂ ಮುಟ್ಟದೇ ಹಾಗೇ ಇದ್ದರೆ ತಿಳಿಸಿ. ತಿಪಟೂರು, ಶಿರಾ, ಮಧುಗಿರಿ ಎಲ್ಲೇ ಆಗಲಿ, ಒಂದು ನೋಟ್‌ಬುಕ್ಕು, ನಾಲ್ಕು ಬಣ್ಣದ ಪೆನ್ನು ಹಿಡಿದುಕೊಂಡು ಬರುತ್ತೇನೆ. ಯಜಮಾನರೂ ಬರ್ತೀನಿ ಅಂದಿದ್ದಾರೆ.